ಯಲ್ಲಾಪುರದ ತೊಟ್ಟಿಲೂ ರೋಮಿನ ಪದಕವೂ

ಹುಬ್ಬಳ್ಳಿಯಿಂದ ಹೊರಟು ಕಲಘಟಗಿಯನ್ನು ದಾಟಿ ಕಿರವತ್ತಿಗೆ ಬರುವಷ್ಟರಲ್ಲಿ ಬಯಲು ಹಿಂದುಳಿದು ತೇಗದ ಕಾಡು ಎದುರಾಗುತ್ತದೆ. ಯಲ್ಲಾಪುರದ ಭಕ್ತರೊಬ್ಬರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮಂಗಲಕಾರ್ಯಕ್ಕೆಂದು ನಾವು ಈಚೆಗೆ ಆ ದಾರಿಯಲ್ಲಿ ಪಯಣಿಸಿದೆವು.

ಕೂಸಿನ ಸೊಂಟದಲ್ಲಿ ಬೆಳ್ಳಿಯ ಉಡಿದಾರ, ಕಾಲಲ್ಲಿ ಕಡಗ, ಮುಂಗೈಯಲ್ಲಿ ದೃಷ್ಟಿಮಣಿ. ಕೊರಳಲ್ಲಿ ಗುರುಗಳು ಕಟ್ಟಿದ ಲಿಂಗವಸ್ತ್ರ. ಅಷ್ಟು ಸಾಲದೆಂಬಂತೆ ಅಜ್ಜಿಯವರು ಪೆಟ್ಟಿಗೆಯಿಂದ ಬೆಳ್ಳಿಕಟ್ಟಿನ ಎರಡು ಹುಲಿಯುಗುರುಗಳನ್ನು ತೆಗೆದರು. ಮಗನ ಮುಖ ಬಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ವಯ ಪ್ರಮಾಣಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. 2023ರ ಅಕ್ಟೋಬರಿನಲ್ಲಿ ಇಂತಹ ಪದಕಗಳಿಗಾಗಿ ನಾಡಿನಲ್ಲಿ ಆದ ಗದ್ದಲವನ್ನು ಯಾರೂ ಮರೆತಿಲ್ಲ. ಪಕ್ಕದ ದಾಂಡೇಲಿ–ಅಣಶಿ ಕಾಡುಗಳಂತೂ 2007ರಿಂದಲೇ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು.

“ನನ್ನ ಮಗ ಇದನ್ನ ಕಟ್ಟಿಕೊಂಡೇ ಬೆಳದಾನ್ರೀ ಶಾಸ್ತ್ರಿಗಳ” ಎಂದು ಅಜ್ಜಿಯವರು ನಮ್ಮತ್ತ ನೋಡಿದರು.

ನಮಗೆ ಪುರಾತನ ರೋಮಿನ ಮಕ್ಕಳು ನೆನಪಾದರು. ಅಲ್ಲಿ ಗಂಡುಮಗುವಿನ ಕೊರಳಿಗೆ ‘ಬುಲ್ಲಾ’ ಎಂಬ ಪದಕವನ್ನು ಕಟ್ಟುತ್ತಿದ್ದರು. ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿದಂತಹ ಬಂಗಾರದ ಗುಂಡು, ಒಳಗೆ ರಕ್ಷೆ, ಬಡವರಿಗೆ ತೊಗಲಿನದು. ಹೆಣ್ಣುಮಕ್ಕಳಿಗೆ ಅರ್ಧಚಂದ್ರದ ಪದಕ. ಬುಲ್ಲಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನೀರ ಗುಳ್ಳೆ! ಬಂಗಾರಕ್ಕೆ ಎಂತಹ ಹೆಸರು ನೋಡಿ. ಅದು ಸ್ವತಂತ್ರರ ಮಕ್ಕಳ ಗುರುತೂ ಆಗಿತ್ತು. ಗುಲಾಮರ ಕೂಸಿಗೆ ಆ ಹಕ್ಕಿರಲಿಲ್ಲ. (ಶರಣರು ಲಿಂಗವನ್ನು ಕೊಡುವಾಗ ಹೀಗೆ ಕುಲವನ್ನು ಕೇಳಲಿಲ್ಲ.) ಹುಡುಗನು ಪ್ರಾಯಕ್ಕೆ ಬಂದ ದಿನ ಬುಲ್ಲಾವನ್ನು ಬಿಚ್ಚಿ ಮನೆದೇವರ ಮುಂದಿಟ್ಟು ಹಿರಿಯರ ಉಡುಪನ್ನು ಉಡುತ್ತಿದ್ದನು.

ನಮ್ಮ ಕೊರಳಲ್ಲಿಯೂ ಬಾಲ್ಯದಲ್ಲಿ ಹುಲಿಯುಗುರು ಇತ್ತು. ಮಠಕ್ಕೆ ಓದಲು ಬಿಟ್ಟ ದಿನ ತಾಯಿಯವರು ಅದನ್ನು ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡರು. ಲಿಂಗವನ್ನು ಮಾತ್ರ ಮುಟ್ಟಿ ನೋಡಿ, ದಾರ ಗಟ್ಟಿಯಾಗಿದೆಯೇ ಎಂದು ಜಗ್ಗಿದರು. ಅಂದು ಅತ್ತುದು ಉಗುರಿಗಾಗಿಯೋ ತಾಯಿಗಾಗಿಯೋ, ಇಂದಿಗೂ ಹೇಳಲಾರೆವು.

ಇದನ್ನೆಲ್ಲ ಅಜ್ಜಿಯವರಿಗೆ ಹೇಳಿದೆವು. ಲಿಂಗವಿರುವಲ್ಲಿ ದೃಷ್ಟಿಯ ಭಯವೇಕೆಂದು ಉಪದೇಶಿಸಬಹುದಿತ್ತು. ತೊಟ್ಟಿಲ ಮುಂದೆ ನಿಂತ ಹಿರಿಯ ಜೀವಕ್ಕೆ ಹಾಗೆನ್ನಲು ಮನಸ್ಸು ಬರಲಿಲ್ಲ. ಉಗುರುಗಳನ್ನು ಅರಣ್ಯ ಕಚೇರಿಗೆ ಒಪ್ಪಿಸುವುದಾಗಿ ಮಗ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಪ್ರಸಾದವಾಗಿ ನಾವು ಹೊರಡುವಾಗ ಬಾಗಿಲವರೆಗೆ ಬಂದು, ಕಟ್ಟಿನ ಬೆಳ್ಳಿಯನ್ನು ಬಿಡಿಸಿದರೆ ಕೂಸಿಗೊಂದು ಸಣ್ಣ ಕರಡಿಗೆ ಆಗಬಹುದೇ, ಪತ್ತಾರರನ್ನು ಕೇಳಬೇಕು ಎಂದರು.