ಕಾಟ್, ಕೋಣೆ, ಕರಾರು

ಪುಣೆಯ ಬಿಬವೇವಾಡಿಯಲ್ಲಿ ವಿದ್ಯಾರ್ಥಿಗಳು ಮನೆ ಹುಡುಕುವುದಿಲ್ಲ, ಕಾಟ್ ಹುಡುಕುತ್ತಾರೆ. ಅಪ್ಪರ್ ಇಂದಿರಾನಗರದಲ್ಲಿರುವ ವಿಶ್ವಕರ್ಮ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸುತ್ತಮುತ್ತ ಒಂದು ಕೋಣೆಗೆ ಮೂರು ಮಂಚ, ಮಂಚಕ್ಕಿಷ್ಟು ಬಾಡಿಗೆ. ಊಟಕ್ಕೆ ಮೆಸ್ಸು ಇಲ್ಲವೇ ಡಬ್ಬಾ. ಇಡೀ ಫ್ಲ್ಯಾಟ್ ಹಿಡಿದರೆ ಹನ್ನೊಂದು ತಿಂಗಳ ಕರಾರು, ಡಿಪಾಸಿಟ್ಟು, ಪೊಲೀಸ್ ವೆರಿಫಿಕೇಶನ್. ಧಾರವಾಡದಿಂದ ಬಂದು ಇಲ್ಲೇ ನೆಲೆಸಿದ ನನಗೆ ಈ ಲೆಕ್ಕ ಬಾಯಿಪಾಠ.

ಈ ವರ್ಷ ಅದೇ ಲೆಕ್ಕವನ್ನು ಡಾಲರಿನಲ್ಲಿ ಮಾಡಬೇಕಾಯಿತು. ನಮ್ಮ ಮನೆಯಲ್ಲೇ ಇದ್ದು ಇಂಜಿನಿಯರಿಂಗ್ ಮುಗಿಸಿದ ಅಣ್ಣನ ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಳು. ಸೀಟು ಸಿಕ್ಕಿತು, ಸಾಲ ಮಂಜೂರಾಯಿತು. ಉಳಿದದ್ದು ಒಂದೇ ಪ್ರಶ್ನೆ: ಇರುವುದೆಲ್ಲಿ?

ವಿಶ್ವವಿದ್ಯಾಲಯದ ವಸತಿಯಲ್ಲಿ ಮಂಚ, ಮೇಜು, ಚಳಿಗಾಲದ ಹೀಟಿಂಗ್, ಇಂಟರ್ನೆಟ್ ಎಲ್ಲ ಬಾಡಿಗೆಯಲ್ಲೇ ಸೇರಿತ್ತು. ಕ್ಲಾಸಿಗೆ ನಡೆದೇ ಹೋಗಬಹುದು. ಆದರೆ ದುಬಾರಿ. ಹೊರಗೆ ನಾಲ್ವರು ಸೇರಿ ಅಪಾರ್ಟ್‌ಮೆಂಟ್ ಹಿಡಿದರೆ ತಲೆಗೆ ಬೀಳುವ ಬಾಡಿಗೆ ಕಡಿಮೆ. ಆದರೆ ಕರಾರು ಪೂರ್ತಿ ಹನ್ನೆರಡು ತಿಂಗಳದ್ದು, ಖಾಲಿ ಕೋಣೆಗೆ ಹಾಸಿಗೆಯಿಂದ ಹಿಡಿದು ಎಲ್ಲವನ್ನೂ ಕೊಳ್ಳಬೇಕು, ಕರೆಂಟಿನ ಬಿಲ್ಲು ಬೇರೆ. ಮಾಲೀಕರು ಕ್ರೆಡಿಟ್ ಹಿಸ್ಟರಿ ಕೇಳುತ್ತಾರೆ. ಈಗಷ್ಟೇ ವಿಮಾನ ಇಳಿದವರ ಬಳಿ ಅದು ಎಲ್ಲಿಂದ ಬರಬೇಕು? ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ, ಒಬ್ಬಳು ಬಿಟ್ಟುಹೋದಾಗ ಅವಳ ಪಾಲೂ ಉಳಿದವರ ಮೇಲೆ ಬೀಳುತ್ತದೆ. ಎಫ್-1 ವೀಸಾದವರು ತರಗತಿಗಳಿರುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ದುಡಿದು ತುಂಬಿಸುತ್ತೇನೆ ಎನ್ನುವ ಧೈರ್ಯಕ್ಕೂ ಮಿತಿಯಿದೆ.

ಅಣ್ಣನ ಚಿಂತೆ ಬೇರೆ. ಧಾರವಾಡದಿಂದ ಫೋನು: "ನಮ್ಮ ಕಡೆ ಹುಡುಗ್ಯಾರ ಜೋಡಿನ ಇರ್ಲಿ ಬಿಡೋ. ರೊಟ್ಟಿ ಪಲ್ಯಾನರ ಸಿಗ್ತದ." ಅವನ ಮಾತಿನಲ್ಲಿ ನಮ್ಮ ಅಜ್ಜನ ಕಾಲವಿತ್ತು. ಅಜ್ಜ ಓದಿದ್ದು ವಾರಾನ್ನ ಉಂಡು, ದಿನಕ್ಕೊಂದು ಮನೆಯಲ್ಲಿ. ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರ ಲೆಕ್ಕವಂತೂ ಇಡಲಾಗದು. ನಮ್ಮವರಿಗೆ ವಿದ್ಯೆಯ ಮೊದಲು ಅನ್ನದ, ಆಸರೆಯ ಪ್ರಶ್ನೆ.

ಈ ನಡುವೆ ನಮ್ಮ ಬಿಲ್ಡಿಂಗಿನಲ್ಲಿ ಖಾಲಿಯಿದ್ದ ಫ್ಲ್ಯಾಟನ್ನು ಆಫ್ರಿಕಾದ ಇಬ್ಬರು ವಿದ್ಯಾರ್ಥಿಗಳು ಕೇಳಿಕೊಂಡು ಬಂದರು. ಸೊಸೈಟಿಯ ಮೀಟಿಂಗು ನಡೆಯಿತು. ಅಡುಗೆಯ ವಾಸನೆ, ರಾತ್ರಿಯ ಗದ್ದಲ, ಕಾಗದಪತ್ರದ ಕಿರಿಕಿರಿ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ವಿದೇಶಿಯರಿಗೆ ಜಾಗ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರಾಯಿತು, ನಾನೇ ತುಂಬಿಕೊಡುತ್ತೇನೆ ಎಂದೆ. 1971ರಲ್ಲಿ ಫರ್ಗ್ಯೂಸನ್ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಎಸ್.ಬಿ. ಮುಜುಂದಾರ್ ಇದೇ ಊರಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಆಸರೆಯಾಗಲೆಂದು ಸಿಂಬಯಾಸಿಸ್ ಆರಂಭಿಸಿದ್ದನ್ನೂ, ಆ ಹೆಸರಿಗೆ ಸಹಜೀವನವೆಂಬ ಅರ್ಥವಿರುವುದನ್ನೂ ನೆನಪಿಸಿದೆ. ತಲೆಯಾಡಿಸಿದರು. ಫ್ಲ್ಯಾಟು ಒಂದು ಕುಟುಂಬಕ್ಕೆ ಹೋಯಿತು.

ಅಂದು ರಾತ್ರಿ ಊಟದ ಹೊತ್ತಿಗೆ ಮಗಳು ಕೇಳಿದಳು: "ಕಾಕಾ, ಆಗಸ್ಟಿನಾಗ ನಾನೂ ಹಿಂಗ ಯಾರದೋ ಬಾಗಲಾ ಬಡೀತೀನಲ್ಲಾ?"

ಅವಳು ವಿಶ್ವವಿದ್ಯಾಲಯದ ವಸತಿಯನ್ನೇ ಆರಿಸಿಕೊಂಡಳು, ಮೊದಲ ವರ್ಷಕ್ಕೆ ಮಾತ್ರ. ಅಲ್ಲಿ ಜಾತಿ, ಊಟ ಕೇಳದೆ ಕೋಣೆ ಕೊಡುತ್ತಾರೆ. ಕಾಣದ ಮಾಲೀಕನಿಗೆ ಮುಂಗಡ ಕಳಿಸುವ ಅಪಾಯವೂ ಇಲ್ಲ. ಎರಡನೆಯ ವರ್ಷ ಊರು, ಬಸ್ಸು, ಜನ ನೋಡಿಕೊಂಡು ಹೊರಗೆ ಹೋಗಬಹುದು. ಹೆಚ್ಚಿನ ಖರ್ಚಿನ ಒಂದು ಪಾಲನ್ನು ನಾನು ಹೊತ್ತೆ. ಕೋಣೆಯ ಸಂಗಾತಿ ಕೀನ್ಯಾದವಳು ಎಂದು ತಿಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಶೇಂಗಾ ಹಿಂಡಿ ಆಕಿಗೂ ಕಟ್ಟೂಣೇನು?"