ಬೆಕ್ಕಿನ ಪಟ, ಕೆಳಗೊಂದು ಮಾತು

ಬೆಳಗ್ಗೆ ಹಾಲು ಕಾಯಲಿಟ್ಟು ಮೊಬೈಲ್ ನೋಡಿದರೆ ನಿಮಗೂ ಬಂದಿರುತ್ತಲ್ಲವೇ, ಬೆಕ್ಕಿನದೊಂದು ಫೋಟೋ, ಕೆಳಗೆ ವೇದಾಂತ? ಮೊನ್ನೆ ನನಗೆ ಬಂದದ್ದು ಕಣ್ಣು ಮುಚ್ಚಿ ಕೂತ ಬಿಳಿ ಬೆಕ್ಕು, ಜೊತೆಗೆ ಧ್ಯಾನದ ಮಹಿಮೆ. ನಮ್ಮ ಹಿರಿಯರು ಇದೇ ಬೆಕ್ಕನ್ನು ಕಂಡು ಆಡಿದ ಗಾದೆಯೇ ಬೇರೆ. ಹಾಲು ಕಾಯುವ ನಮಗೆ ಗೊತ್ತಿಲ್ಲವೇ, ಬೆಕ್ಕು ಯಾಕೆ ಕಣ್ಣು ಮುಚ್ಚುತ್ತದೆಂದು!

ಕೆಳಗೆ ಡಿ.ವಿ.ಜಿ.ಯವರ ಹೆಸರು ಬೇರೆ. 1943ರಲ್ಲಿ ಬಂದ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ, ಒಂದೊಂದೂ ನಾಲ್ಕು ಸಾಲು. ಸಿಕ್ಕಿದ್ದಕ್ಕೆಲ್ಲ ಅವರ ಹೆಸರು ಅಂಟಿಸುವುದು ನನಗೆ ಸರಿಕಾಣದು.

ಆದರೂ ಈ ಪದ್ಧತಿಯನ್ನು ನಾನು ಹಳಿಯಲಾರೆ. ಪಿರಿಯಾಪಟ್ಟಣದ ಹತ್ತಿರ ನಮ್ಮಕ್ಕ ಇದ್ದಾಳೆ. ಭಾವ ತೀರಿಕೊಂಡು ಎರಡು ವರ್ಷ. ಹುಣಸೂರಿನಿಂದ ನಾನು ದಿನಾ ಫೋನ್ ಮಾಡಿದರೂ "ಹ್ಞೂಂ, ಊಟ ಆಯ್ತು", ಅಷ್ಟೇ. ದೇವರ ಪಟ, ಧೈರ್ಯದ ಮಾತು ಎಷ್ಟು ಕಳಿಸಿದರೂ ಉತ್ತರವಿಲ್ಲ.

ಒಂದು ದಿನ ನಮ್ಮ ಹಿತ್ತಿಲ ಬೆಕ್ಕು ಸೌದೆ ಒಟ್ಟಿಲಿಂದ ಅಟ್ಟಕ್ಕೆ ಮರಿ ಸಾಗಿಸುತ್ತಿತ್ತು. ಫೋಟೋ ತೆಗೆದೆ. ಶ್ರೀವೈಷ್ಣವರಲ್ಲಿ ಒಂದು ಹಳೆಯ ಮಾತಿದೆ, ಕೇಳಿರುತ್ತೀರಿ. ಕೋತಿಮರಿ ತಾನೇ ತಾಯಿಯನ್ನು ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಗೆ ಆ ಕಷ್ಟವಿಲ್ಲ, ತಾಯೇ ಕಚ್ಚಿ ಒಯ್ಯುತ್ತಾಳೆ. ದೇವರ ಕೃಪೆ ಯಾವ ಬಗೆಯದೆಂದು ರಾಮಾನುಜರ ಕಾಲದ ನಂತರ ವಾದ ಬೆಳೆದು ಎರಡು ಪಂಥವೇ ಆದವು. ವಡಗಲೆಯವರದು ಕೋತಿಯ ಪಕ್ಷ, ತೆಂಗಲೆಯವರದು ಬೆಕ್ಕಿನ ಪಕ್ಷ. ಇಷ್ಟನ್ನೂ ನನ್ನ ಮಾತಲ್ಲೇ ಎರಡು ಸಾಲು ಮಾಡಿ ಪಟದ ಕೆಳಗೆ ಬರೆದು ಅಕ್ಕನಿಗೆ ಕಳಿಸಿದೆ.

ಅರ್ಧ ಗಂಟೆಗೆ ಅವಳ ದನಿ ಬಂತು. "ಮರಿಗೆ ಕತ್ತು ನೋಯಲ್ವೇನೇ? ನಾನು ಕೋತಿಮರಿ ಕಣೆ. ಹಿಡ್ಕಂಡಿದ್ದು ಬಿಟ್ಟೋಯ್ತು."

ನಾನು ಕೂಡಲೇ ಫೋನ್ ಮಾಡಿದೆ. ಮಣ್ಣು ಮಾಡಿದ ದಿನವೂ ಅಳದವಳು ಅವತ್ತು ಅತ್ತಳು. ಒಲೆ ಮೇಲೆ ಸಾರು ಸೀದುಹೋಯಿತು, ಹೋಗಲಿ ಬಿಡಿ.

ಈಗ ಅವಳೇ ಪಟ ಕಳಿಸುತ್ತಾಳೆ. ನಮ್ಮ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ರಾತ್ರಿಯೆಲ್ಲ ಸೌದೆ ಹಾಕುತ್ತ ಕಾಯಬೇಕು. ಮೊದಲು ಭಾವ ಕೂರುತ್ತಿದ್ದರು, ಈಗ ಆಳಿನ ಜೊತೆ ಇವಳೂ ಕೂರುತ್ತಾಳೆ. ಹೋದ ವಾರದ ಪಟದಲ್ಲಿ ಬ್ಯಾರನ್ ಗೋಡೆಗೆ ಬೆನ್ನು ಕೊಟ್ಟು ಮಲಗಿದ ಗಂಡುಬೆಕ್ಕು. ಕೆಳಗೆ ಬರೆದಿದ್ದಳು: "ಸೊಪ್ಪು ಇಳಿಸೋಗಂಟ ಇವನಿಗೆ ಬೆಚ್ಚಗೆ, ನಂಗೆ ಜೊತೆ."