ವಾತಾಯನ: ಮೆಲ್ಕಾರಿನ ಒಂದು ಮನೆಯ ಆರು ಕಿಟಕಿಗಳು

ಸಂಸ್ಕೃತದಿಂದ ಕನ್ನಡಕ್ಕೆ ಬಂದ 'ವಾತಾಯನ' ಎಂಬ ಶಬ್ದಕ್ಕೆ ಗಾಳಿಯ ದಾರಿ ಎಂದರ್ಥ. 'ಗವಾಕ್ಷ' ಎಂದರೆ ಹಸುವಿನ ಕಣ್ಣು. ಇಂಗ್ಲಿಷಿನ 'ವಿಂಡೋ' ಶಬ್ದದ ಮೂಲವಾದ ಹಳೆಯ ನಾರ್ಸ್ ಭಾಷೆಯ ಪದಕ್ಕೂ 'ಗಾಳಿಯ ಕಣ್ಣು' ಎಂಬುದೇ ಅರ್ಥ. ಪರಸ್ಪರ ದೂರದ ಈ ಭಾಷೆಗಳಲ್ಲಿ ಯಾವುದೂ ಕಿಟಕಿಯನ್ನು ಚೌಕಟ್ಟಿನಿಂದಾಗಲಿ ಬಾಗಿಲಿನಿಂದಾಗಲಿ ಗುರುತಿಸಿಲ್ಲ. ಅದರ ಮೂಲಕ ಹಾದುಬರುವುದರಿಂದ, ನೋಡುವ ಕಣ್ಣಿನಿಂದ ಗುರುತಿಸಿವೆ. ಕಿಟಕಿಯನ್ನು ಬದಲಿಸಹೊರಟವರು ಮೊದಲು ಮರೆಯುವುದೂ ಇದನ್ನೇ.

ಬಂಟ್ವಾಳ ತಾಲೂಕಿನ ಮೆಲ್ಕಾರ್, ರಾಷ್ಟ್ರೀಯ ಹೆದ್ದಾರಿ 75ರಿಂದ ಮುಡಿಪು ಕಡೆಗೆ ರಸ್ತೆ ಕವಲೊಡೆಯುವ ಸ್ಥಳ. ಅಲ್ಲಿಗೆ ಸಮೀಪದಲ್ಲಿ ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು ಇರುವ ಹಳೆಯ ಮನೆಯೊಂದಿದೆ. ಅದಕ್ಕೆ ಹಲಸಿನ ಮರದ ಆರು ಕಿಟಕಿಗಳು. ಪಡುವಣ ಕಿಟಕಿಯ ಕೆಳಪಟ್ಟಿ ಬೆರಳಿಟ್ಟರೆ ಪುಡಿಯಾಗುವಂತಾದಾಗ, ಬೆಂಗಳೂರಿನಲ್ಲಿರುವ ಕಿರಿಯ ಮಗ ಆರನ್ನೂ ಒಮ್ಮೆಗೇ ತೆಗೆಸಿ ಯುಪಿವಿಸಿಯ ಸರಿಯುವ ಕಿಟಕಿಗಳನ್ನು, ಅದೂ ಕಪ್ಪು ಗಾಜಿನವನ್ನು, ಇಡಿಸಬೇಕೆಂದು ಸೂಚಿಸಿದನು. ನಿವೃತ್ತ ಶಿಕ್ಷಕನಾದ ಹಿರಿಯ ಮಗನಿಗೆ ಅವಸರವಿರಲಿಲ್ಲ. ಆತ ಒಂದು ನೋಟುಪುಸ್ತಕದಲ್ಲಿ ಪ್ರತಿಯೊಂದು ಕಿಟಕಿಗೂ ಒಂದೊಂದು ಪುಟ ಮೀಸಲಿಟ್ಟು ದಿಕ್ಕು, ಅಳತೆ, ದೋಷ, ಉಪಯೋಗಗಳನ್ನು ಬರೆಯತೊಡಗಿದನು.

ಆ ಪುಟಗಳು ಕೆಲವು ಸತ್ಯಗಳನ್ನು ಹೊರಗೆಡಹಿದವು. ಆಚಾರಿ ಉಳಿಯ ಹಿಡಿಯಿಂದ ತಟ್ಟಿ ನೋಡಿದಾಗ ಮೂರು ಕಿಟಕಿಗಳ ಮರ ಗಟ್ಟಿಯಾಗಿಯೇ ಇತ್ತು. ಪಡುವಣ ಕಿಟಕಿಯ ಕೇಡಿಗೆ ಮರದ ಮುಪ್ಪು ಕಾರಣವಾಗಿರಲಿಲ್ಲ. ಮೇಲಿನ ಅಂಚಿನ ಹಂಚು ಒಡೆದು, ನೈಋತ್ಯದ ಮಳೆಯ ನೀರು ಎಷ್ಟೋ ವರ್ಷ ಅದೇ ಪಟ್ಟಿಯ ಮೇಲೆ ಸುರಿದಿತ್ತು. ಮಾಡಿನ ಅಂಚು ಸರಿಯಾಗದೆ ಯಾವ ಕಿಟಕಿಯನ್ನಿಟ್ಟರೂ ನೀರು ಒಳಗೆ ಬರುವುದೇ. ಮುರಕಲ್ಲಿನ ತೆರಪು ಎಲ್ಲೆಡೆ ಒಂದೇ ಅಗಲವಿರುವುದಿಲ್ಲವಾದ್ದರಿಂದ ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು ಕಿರಿದಾದುದನ್ನೇ ಹಿಡಿಯಬೇಕಾಯಿತು. ಸರಿಯುವ ಎರಡು ಬಾಗಿಲಿನ ಕಿಟಕಿಯಲ್ಲಿ ಏಕಕಾಲಕ್ಕೆ ತೆರೆಯುವುದು ಅರ್ಧ ಮಾತ್ರ. ಕರಾವಳಿಯ ಸೆಕೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಪಡುವಣ ಕಿಟಕಿಯ ಪುಟದಲ್ಲಿ ಮಾತ್ರ 'ಉಪಯೋಗ' ಎಂಬಲ್ಲಿ ಏನೂ ಬರೆದಿರಲಿಲ್ಲ. ಅದರ ಎದುರಿನ ಜಗಲಿಯಲ್ಲಿ ಎಂಬತ್ತು ದಾಟಿದ ತಾಯಿ ಕುಳಿತಿರುತ್ತಾಳೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು ಆ ಮನೆಯ ನಡಾವಳಿ. ಆಕೆಯ ಕಣ್ಣು ಮಂದವಾಗಿದೆ; ಗಡಿಯಾರದ ಮುಳ್ಳು ಕಾಣುವುದಿಲ್ಲ, ಬೆಳಕು ಮಾತ್ರ ತಿಳಿಯುತ್ತದೆ.

ಅಳತೆಯ ದಿನ ಶಿಥಿಲವಾದ ಬಾಗಿಲುಗಳನ್ನು ಕಳಚಿ, ತೆರಪಿಗೆ ಹಲಗೆ ಹೊಡೆದು ಮುಚ್ಚಲಾಯಿತು. ಅಂದು ಸಂಜೆ ಬಡಿಸಿದ ಬಟ್ಟಲನ್ನು ತಾಯಿ ಮುಟ್ಟಲಿಲ್ಲ. ಇನ್ನೂ ಐದೂವರೆ, ಹೊರಗೆ ಬಿಸಿಲಿದೆ ಎಂದು ಮಕ್ಕಳಿಬ್ಬರೂ ಹೇಳಿದರು. ಆಕೆ ಅವರನ್ನು ಅಲ್ಲಗಳೆಯಲಿಲ್ಲ. ಬಿಸಿಲು ಸರಳುಗಳ ನೆರಳಿನೊಂದಿಗೆ ಎದುರುಗೋಡೆಯನ್ನು ಏರುತ್ತದೆ, ಬಟ್ಟೆಯ ಗೂಟದ ಮಟ್ಟಕ್ಕೆ ಬಂದಾಗ ತಾನು ಕೈ ತೊಳೆಯುವುದು, ಇಂದು ಗೋಡೆ ಏನನ್ನೂ ಹೇಳಲಿಲ್ಲ, ಸಂಶಯದಲ್ಲಿ ಉಣ್ಣುವುದಕ್ಕಿಂತ ಬಿಡುವುದು ಮೇಲು ಎಂದಷ್ಟೇ ಹೇಳಿದಳು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಿತವಾದಾಗ ಅದರ ನವರಂಗ ತೆರೆದ ಮಂಟಪವಾಗಿತ್ತು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅದನ್ನು ಮುಚ್ಚಲಾಯಿತು. ಆದರೆ ಮುಚ್ಚಿದವರು ಕುರುಡುಗೋಡೆ ಕಟ್ಟಲಿಲ್ಲ, ಜಾಲಂಧ್ರಗಳನ್ನು ಕೊರೆದಿಟ್ಟರು. ರಕ್ಷಣೆ ಬೇಕೆಂದ ಮಾತ್ರಕ್ಕೆ ಬೆಳಕನ್ನು ಬಿಟ್ಟುಕೊಡಬೇಕಾಗಿಲ್ಲವೆಂಬ ವಿವೇಕ ಅಲ್ಲಿ ಕಂಡುಬರುತ್ತದೆ. ಶಿಲ್ಪಿಗಳಿಗೆ ತಿಳಿದಿದ್ದ ಆ ವಿವೇಕ, ಮೆಲ್ಕಾರಿನ ಮನೆಗೆ ಒಂದು ಹೊತ್ತಿನ ಉಪವಾಸದಿಂದ ಒದಗಿತು.

ಮರುದಿನ ಬೆಳಗ್ಗೆ ಮೊದಲು ಹಲಗೆಯನ್ನು ಕಿತ್ತವನು ಕಿರಿಯ ಮಗನೇ. ಯೋಜನೆ ಹೊಸದಾಯಿತು: ಮೊದಲು ಮಾಡಿನ ಅಂಚು, ಗಟ್ಟಿಯಾಗಿರುವ ಮೂರು ಕಿಟಕಿಗಳಿಗೆ ಎಣ್ಣೆ ಮಾತ್ರ, ಗೆದ್ದಲು ಹಿಡಿದ ಎರಡಕ್ಕೆ ಪೂರ್ತಿ ತೆರೆದುಕೊಳ್ಳುವ ಯುಪಿವಿಸಿ, ಪಡುವಣದ್ದಕ್ಕೆ ಕೆಳಪಟ್ಟಿಯನ್ನಷ್ಟೇ ಕತ್ತರಿಸಿ ಹೊಸ ಹಲಸಿನ ತುಂಡಿನ ಸೇರುವೆ, ಅದೇ ಸರಳು, ಬಣ್ಣವಿಲ್ಲದ ಗಾಜು. ಎಲ್ಲವೂ ಮಳೆಗೆ ಮುನ್ನ, ದಿನಕ್ಕೊಂದು ಕಿಟಕಿಯಂತೆ. ಪಡುವಣದ ಕೆಲಸ ಬೆಳಗ್ಗೆ ಆರಂಭವಾಗಿ ಮೂರು ಗಂಟೆಯೊಳಗೆ ಮುಗಿಯಬೇಕು. ನೋಟುಪುಸ್ತಕದ ಆ ಪುಟದಲ್ಲಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ, ಈಗ ಕಿರಿಯ ಮಗನ ಕೈಬರಹವಿದೆ: 'ಅಮ್ಮನ ಗಡಿಯಾರ.'